ಅತ್ತೆಯ ಕೋಳಿಗೂಡೂ ಆಕಾಶದ ಇಂಟರ್ನೆಟ್ಟೂ

ನಮ್ಮ ಇಡೀ ಕುಟುಂಬದಲ್ಲಿ ಜಗಳ ಆಡದಿದ್ದರೆ ಉಂಡದ್ದು ಕರಗದ ಜೀವ ಅಂತ ಒಂದಿದ್ದರೆ ಅದು ನನ್ನ ಅತ್ತೆ. ಅತ್ತೆ ಅಂದ ಕೂಡಲೇ ನೀವು ನನ್ನ ಗಂಡನ ತಾಯಿಯನ್ನು ನೆನೆದು ಒಳಗೊಳಗೇ ನಗಬೇಡಿ! ಅವರು ಪಾಪ, ಜೋರಾಗಿ ಸೀನುವುದಕ್ಕೂ ಸಂಕೋಚಪಡುವ ಹೆಂಗಸು. ನಾನು ಹೇಳುತ್ತಿರುವುದು ಸೋದರತ್ತೆಯ ವಿಷಯ, ನನ್ನ ಅಪ್ಪನ ಅಕ್ಕ. ಈ ಅತ್ತೆ ತರಕಾರಿಯವನ ಜೊತೆ ಜಗಳ ಆಡುತ್ತಾರೆ, ರಿಕ್ಷಾದವನ ಜೊತೆ ಆಡುತ್ತಾರೆ, ಟಿವಿಯಲ್ಲಿ ಹವಾಮಾನ ಹೇಳುವವಳ ಜೊತೆಗೂ ಆಡುತ್ತಾರೆ. "ನಾಳೆ ಬಿಸಿಲಂತೆ! ನೀನು ಯಾವತ್ತಾದ್ರೂ ಹಪ್ಪಳ ಒಣಗಿಸಿದ್ದುಂಟಾ?" ಎಂದು ಪರದೆಯನ್ನೇ ಕೇಳುತ್ತಾರೆ. ಆದರೆ ಯಾರ ಮೇಲೂ ಸಿಟ್ಟಿಲ್ಲ. ಜಗಳ ಮುಗಿದ ಮೇಲೆ ತರಕಾರಿಯವನಿಗೆ ಮಜ್ಜಿಗೆ, ರಿಕ್ಷಾದವನಿಗೆ ಒಂದು ಡಬ್ಬಿ ಉಪ್ಪಿನಕಾಯಿ. ಈಚೆಗೆ ಭೂಮಿಯ ಮೇಲಿನವರು ಸಾಲದೇ ಹೋಗಿ ಅತ್ತೆ ಆಕಾಶಕ್ಕೇ ಕೈಹಾಕಿದರು. ಅದರ ಕಥೆ ಇದು.

ಅತ್ತೆ ಡೊಂಬಿವಲಿಯಲ್ಲಿ ಬಹಳ ವರ್ಷ ಊಟದ ಮೆಸ್ ನಡೆಸಿದವರು. ಮದುವೆಯಾಗದವರು, ಹೆಂಡತಿ ತವರಿಗೆ ಹೋದವರು, ಹೆಂಡತಿ ಇದ್ದೂ ಊಟ ಸಿಗದವರು, ಎಲ್ಲರೂ ಲೋಕಲ್ ಗಾಡಿಯಿಂದ ಹಿಂಡಿದ ಬಟ್ಟೆಯ ಹಾಗೆ ಇಳಿದು ಸೀದಾ ಅತ್ತೆಯ ಮೆಸ್ಸಿಗೆ ಬರುತ್ತಿದ್ದರು. ಎರಡನೇ ಸಲ ಅನ್ನ ಬೇಡ ಅಂದವನಿಗೂ ಬೈಗುಳ, ಮೂರನೇ ಸಲ ಬೇಕು ಅಂದವನಿಗೂ ಬೈಗುಳ. ಅತ್ತೆ ಮದುವೆಯಾಗಲಿಲ್ಲ. ಯಾಕೆ ಎಂದು ನಾನೊಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ನೋಡ್ಲಿಕ್ಕೆ ಬಂದ ಗಂಡುಗಳೆಲ್ಲ ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತಿದ್ರು ಮಾರಾಯ್ತಿ. ಮತ್ತೆ ಆಯುಷ್ಯ ಪೂರ್ತಿ ಮಾತಾಡ್ಲಿಕ್ಕೆ ಎಂತ ಉಂಟು?"

ಮಂಡಿನೋವು ಶುರುವಾಗಿ ಮೆಸ್ ಮುಚ್ಚಿದ ಮೇಲೆ ಹೊತ್ತು ಹೋಗದೆ ಅತ್ತೆ ಒಂದು ಹೇಂಟೆ ತಂದರು. ಎಲ್ಲಿಗೆ? ಮೂರನೇ ಮಹಡಿಯ ಬಾಲ್ಕನಿಗೆ! ಹೇಂಟೆಗೆ ಬೇಸರವಾಗಬಾರದೆಂದು ಒಂದು ಹುಂಜ ತಂದರು. ಹುಂಜ ಬೆಳಗಿನ ಜಾವ ಕೂಗಿ ಇಡೀ ಬಿಲ್ಡಿಂಗನ್ನು ಎಬ್ಬಿಸಿತು. ಸೊಸೈಟಿಯ ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿಬಂದು, "ಬಾಯಿ, ಇದು ಸೊಸೈಟಿಯ ನಿಯಮಕ್ಕೆ ವಿರುದ್ಧ" ಅಂದರು.

"ಬನಿಯನ್ನಿನಲ್ಲಿ ಇನ್ನೊಬ್ಬರ ಮನೆ ಬಾಗಿಲಿಗೆ ಬರುವುದು ಯಾವ ನಿಯಮದಲ್ಲುಂಟು?" ಎಂದರು ಅತ್ತೆ.

ಸೆಕ್ರೆಟರಿ ಶರ್ಟು ಹಾಕಿಕೊಂಡು ಮತ್ತೆ ಬಂದರು. ಅಷ್ಟರಲ್ಲಿ ಅತ್ತೆ ನಿರ್ಧಾರ ಮಾಡಿಯಾಗಿತ್ತು. ಕೋಳಿಗೆ ಜಾಗವಿಲ್ಲದ ಕಡೆ ತನಗೂ ಜಾಗ ಬೇಡ! ಮನೆ ಮಾರಿ, ಕಲ್ಯಾಣದಿಂದ ಎಸ್‌ಟಿ ಬಸ್ಸು ಹಿಡಿದು ಮುರ್ಬಾಡ್ ದಾಟಿ, ಅಲ್ಲಿಂದಲೂ ಒಳಗೆ ಹೋದರೆ ಸಿಗುವ ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಹೆಂಚಿನ ಮನೆಯೊಂದನ್ನು ಕೊಂಡರು. ನಾವೆಲ್ಲ ಹೌಹಾರಿದೆವು. ಸಾನಪಾಡಾದಲ್ಲಿ ನಾನು, ನನ್ನ ಗಂಡ, ಅಪ್ಪ ಇರುವ ಮನೆಯಲ್ಲಿ ಅವರಿಗೆ ಒಂದು ಕೋಣೆ ಇರಲಿಲ್ಲವೇ? "ನಿಮ್ಮಲ್ಲಿ ಕೋಣೆ ಉಂಟು, ಅಂಗಳ ಎಲ್ಲುಂಟು?" ಎಂದು ಕೋಳಿಬುಟ್ಟಿ ಹಿಡಿದು ಬಸ್ಸು ಹತ್ತಿದರು. ಕಂಡಕ್ಟರ್ ಕೋಳಿಗೂ ಟಿಕೆಟ್ ಹರಿಯುತ್ತೇನೆ ಅಂದನಂತೆ. ಕೋಳಿಗೆ ಸೀಟು ಕೊಟ್ಟರೆ ಮಾತ್ರ ಟಿಕೆಟ್ ಎಂದರಂತೆ ಅತ್ತೆ. ಮುರ್ಬಾಡ್ ಬರುವವರೆಗೂ ಅದೇ ನಡೆಯಿತಂತೆ. ಇಳಿಯುವಾಗ ಕಂಡಕ್ಟರನೇ ಬುಟ್ಟಿ ಇಳಿಸಿಕೊಟ್ಟನಂತೆ!

ಹಳ್ಳಿಯಲ್ಲಿ ಎಲ್ಲ ಇತ್ತು, ಮೊಬೈಲ್ ಸಿಗ್ನಲ್ ಒಂದು ಇರಲಿಲ್ಲ. ಸುತ್ತ ಗುಡ್ಡ. ಊರಿಗೆಲ್ಲ ಸೇರಿ ಸಿಗ್ನಲ್ ಸಿಗುತ್ತಿದ್ದದ್ದು ರಸ್ತೆಯ ಮೋರಿಯ ಕಟ್ಟೆಯ ಮೇಲೆ ಮಾತ್ರ. ಅದೂ ಮಾತು ಕೇಳಿಸುವಷ್ಟೇ. ಚಿತ್ರ ನೋಡುತ್ತೇನೆ, ವಿಡಿಯೋ ನೋಡುತ್ತೇನೆ ಎಂದರೆ ಫೋನಿನಲ್ಲಿ ಒಂದು ಉಂಗುರ ತಿರುಗುತ್ತಾ ಕೂರುತ್ತಿತ್ತು, ಅಷ್ಟೆ. ಹಾಗಾಗಿ ಹಳ್ಳಿಯ ಮದುವೆ ಮಾತುಕತೆ, ಕಾಯಿಲೆಯ ಸುದ್ದಿ, ಗಂಡ ಹೆಂಡಿರ ಮುನಿಸು ಎಲ್ಲವೂ ಆ ಕಟ್ಟೆಯ ಮೇಲೆ ಎಲ್ಲರ ಕಿವಿಗೂ ಬೀಳುವಂತೆ ನಡೆಯುತ್ತಿತ್ತು. ಗುಟ್ಟು ಅನ್ನುವುದು ಆ ಊರಿನಲ್ಲಿ ಯಾರಿಗೂ ಉಳಿದಿರಲಿಲ್ಲ!

ಅತ್ತೆಗೆ ಇದರಿಂದ ಏನೂ ತೊಂದರೆಯಿಲ್ಲ. ವಾರವಿಡೀ ಅವರಿಗೆ ಫೋನು ಬೇಡ. ಭಾನುವಾರ ಬೆಳಿಗ್ಗೆ ಮಾತ್ರ ಕೋಳಿಗಳಿಗೆ ಕಾಳು ಹಾಕಿ, ಸೀರೆ ಬದಲಿಸಿ, ಕಟ್ಟೆಯ ಮೇಲೆ ಹೋಗಿ ಕೂತು ನನ್ನ ಅಪ್ಪನಿಗೆ ಫೋನು ಹಚ್ಚುವರು. ಹಚ್ಚಿದ ಕೂಡಲೇ ಜಗಳ! ಅಜ್ಜಿಮನೆಯ ಬಾವಿ ಮನೆಯ ಎಡಕ್ಕಿತ್ತೋ ಬಲಕ್ಕಿತ್ತೋ, ಅಜ್ಜ ಮೊದಲು ಬಿದ್ದದ್ದು ತೆಂಗಿನ ಮರದಿಂದಲೋ ಮಾವಿನ ಮರದಿಂದಲೋ, ಶಾಲೆಗೆ ಹೋಗುವಾಗ ಹೊಳೆಯಲ್ಲಿ ಚಪ್ಪಲಿ ಕಳೆದುಕೊಂಡದ್ದು ಅಕ್ಕನೋ ತಮ್ಮನೋ. ಅಪ್ಪ ಮಹಾಪೆಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದು ರಿಟೈರ್ ಆದವರು. ನಮ್ಮ ಜೊತೆ ಮಾತಾಡುವಾಗ ಒಂದೊಂದು ಮಾತನ್ನೂ ಸ್ಟೋರ್ಸ್‌ನಿಂದ ಸಾಮಾನು ಕೊಟ್ಟ ಹಾಗೆ ಯೋಚಿಸಿ ಯೋಚಿಸಿ ಕೊಡುವವರು. ಅಕ್ಕನ ಫೋನು ಬಂದರೆ ಗೋಡೌನಿನ ಬಾಗಿಲೇ ತೆರೆದುಬಿಡುತ್ತಿತ್ತು! ಮಾತೆಲ್ಲ ತುಳುವಿನಲ್ಲಿ. ನನ್ನ ಗಂಡ ಧಾರವಾಡದ ಕಡೆಯವನು. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ಹೆದರಿ, "ಯಾರರೆ ತೀರ್ಕೊಂಡಾರೇನು?" ಎಂದು ಕೇಳಿದ್ದ.

ಆ ಕಡೆ ಮೋರಿ ಕಟ್ಟೆಯಲ್ಲೂ ಶ್ರೋತೃಗಳಿದ್ದರು. ಅತ್ತೆಯ ಪಕ್ಕದ ಮನೆಯ ಹೌಸಾಬಾಯಿಗೆ ತುಳುವಿನ ಒಂದಕ್ಷರವೂ ಬಾರದು. ಆದರೂ ಭಾನುವಾರ ಮೊರದ ತುಂಬ ಅಕ್ಕಿ ತಂದು, ಕಲ್ಲು ಆರಿಸುತ್ತಾ ಅತ್ತೆಯ ಪಕ್ಕದಲ್ಲೇ ಕೂರುತ್ತಿದ್ದಳು. ಜಗಳ ಏರಿದ ಹಾಗೆ ಅವಳ ಕೈ ನಿಲ್ಲುತ್ತಿತ್ತು. ಮುಗಿದ ಮೇಲೆ ಮರಾಠಿಯಲ್ಲಿ ಕೇಳುತ್ತಿದ್ದಳು, "ಅಕ್ಕಾ, ಇವತ್ತು ಯಾರು ಗೆದ್ದರು?"

"ನಾನೇ. ಇನ್ಯಾರು?"

ಸಾನಪಾಡಾದಲ್ಲಿ ಅಪ್ಪನೂ ಅದೇ ಹೊತ್ತಿಗೆ ಫೋನು ಕೆಳಗಿಟ್ಟು, ಮೀಸೆ ಸವರಿಕೊಂಡು ನನಗೆ ಅದನ್ನೇ ಹೇಳುತ್ತಿದ್ದರು.

ಹೀಗೆ ಇಬ್ಬರೂ ಪ್ರತಿ ವಾರ ಗೆಲ್ಲುತ್ತಾ ಇರುವಾಗ ಒಂದು ಶುಕ್ರವಾರ ಅಪ್ಪ ಸ್ನಾನ ಮುಗಿಸಿ ಬಂದವರು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದರು. ಪಾರ್ಶ್ವವಾಯು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ನಾನು ಆಸ್ಪತ್ರೆಯ ಕಾರಿಡಾರಿನಿಂದ ಅತ್ತೆಗೆ ಫೋನು ಮಾಡಿದ್ದೇ ಮಾಡಿದ್ದು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬಳು ನಯವಾಗಿ ಹೇಳುತ್ತಲೇ ಇದ್ದಳು. ಭಾನುವಾರ ಅತ್ತೆಯದೇ ಫೋನು ಬಂತು. ಅಪ್ಪನ ಫೋನನ್ನು ನಾನು ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತುಳುವಿನಲ್ಲಿ ಶುರುಮಾಡಿಬಿಟ್ಟಿದ್ದರು. ವಾರವಿಡೀ ಕೂಡಿಟ್ಟ ವಾದ ಅದು, ಬಾವಿಯದೇ ಇರಬೇಕು. ಹೇಗೆ ತಡೆಯುವುದು? "ಅತ್ತೆ, ನಾನು" ಅಂದೆ. ಹೇಳಿದೆ.

ಆ ಕಡೆ ಹಿಂದಿನಿಂದ ಹೌಸಾಬಾಯಿಯ ದನಿ ಮಾತ್ರ ಕೇಳಿತು, "ಕಾಯ್ ಝಾಲಂ ಅಕ್ಕಾ, ಏನಾಯ್ತು?"

ಅಂದು ಸಂಜೆಗೇ ಅತ್ತೆ ಆಸ್ಪತ್ರೆಯಲ್ಲಿದ್ದರು. ಕೋಳಿಗಳನ್ನು ಹೌಸಾಬಾಯಿಗೆ ಒಪ್ಪಿಸಿ ಬಂದಿದ್ದರು. ಅಪ್ಪ ಮನೆಗೆ ಬಂದ ಮೇಲೂ ನಮ್ಮಲ್ಲೇ ನಿಂತರು. "ಮಾತಾಡಿಸ್ತಾ ಇರಿ, ಪ್ರಯತ್ನ ಮಾಡಿದರೆ ನಿಧಾನವಾಗಿ ಮಾತು ಬರಬಹುದು" ಎಂದಿದ್ದರು ಡಾಕ್ಟರು. ಮಾತಾಡಿಸುವುದಕ್ಕೆ ಅತ್ತೆಗಿಂತ ಬೇರೆ ಜನ ಬೇಕೇ? ಬೆಳಿಗ್ಗೆ ಎದ್ದರೆ ಅಪ್ಪನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಶುರುಮಾಡುವರು. ಬಾವಿ, ತೆಂಗಿನ ಮರ, ಚಪ್ಪಲಿ, ಒಂದನ್ನೂ ಬಿಡಲಿಲ್ಲ. ಅಪ್ಪ ಸ್ವಲ್ಪ ಹೊತ್ತು ನೋಡುವರು. ತುಟಿ ಅಲುಗುವುದು. ಆಮೇಲೆ ಎಡಗೈಯಿಂದ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸುವರು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಮುಂದೆಯೂ ಹಾಗೇ ಗೋಡೆ. ನನ್ನ ಮುಂದೆಯೂ ಗೋಡೆ.

ಒಂದು ದಿನ ಅತ್ತೆ ಕುರ್ಚಿಯಿಂದ ಎದ್ದು ಬ್ಯಾಗು ತುಂಬಿದರು.

"ಎಲ್ಲಿಗೆ ಅತ್ತೆ?"

"ಕೋಳಿಗಳು ಹೇಗುಂಟೋ ಏನೋ. ನಾನು ಹೋಗ್ತೇನೆ."

ತಮ್ಮ ಹೀಗೆ ಮಲಗಿರುವಾಗ ಕೋಳಿಯಂತೆ! ಮುಂದಿನ ಭಾನುವಾರ ಅತ್ತೆಯ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಬಂತು, ಒಂದು ಬುಧವಾರ, ಆಫೀಸಿನಲ್ಲಿ ನಾನು ಮೀಟಿಂಗಿನಲ್ಲಿರುವಾಗ.

"ಏ, ಆಕಾಶದಿಂದ ಇಂಟರ್ನೆಟ್ ಬರ್ತದಂತೆ, ಹೌದಾ?"

"ಯಾರು ಹೇಳಿದ್ರು ಅತ್ತೆ?"

"ಇಲ್ಲಿ ಮೇಲೆ ಒಂದು ರೆಸಾರ್ಟ್ ಉಂಟಲ್ಲ, ಅವರಲ್ಲಿ ಬಂದದೆ. ಮುಂಬಯಿಯಿಂದ ಬಂದವರೆಲ್ಲ ಅಲ್ಲಿ ಕೂತು ಫೋನು ಒತ್ತುತ್ತಾ ಇದ್ದಾರೆ. ಗುಡ್ಡ ನೋಡ್ಲಿಕ್ಕೆ ಬಂದು ಫೋನು ನೋಡ್ತಾರೆ! ನಾನು ಹೋಗಿ ಎಲ್ಲ ವಿಚಾರಿಸಿದೆ. ಕೇಬಲ್ ಬೇಡ, ಟವರ್ ಬೇಡ, ಸೀದಾ ಉಪಗ್ರಹದಿಂದಂತೆ. ನನಗೊಂದು ಬೇಕು."

"ನಿಮಗೆ ಯಾಕೆ ಅತ್ತೆ?"

"ಹವಾಮಾನ ನೋಡ್ಲಿಕ್ಕೆ."

ಹವಾಮಾನ ಹೇಳುವವರನ್ನು ಒಂದು ದಿನವೂ ನಂಬದವರು! ನನ್ನ ಗಂಡ ಕೇಳಿದಾಗ ಕೋಳಿಸಾಕಣೆಯ ವಿಡಿಯೋ ನೋಡಲು ಎಂದರು. ಹೌಸಾಬಾಯಿಗೆ ಯಕ್ಷಗಾನ ನೋಡಲು ಎಂದಿದ್ದರಂತೆ. ಕೇಳಿದವರಿಗೆಲ್ಲ ಒಂದೊಂದು ಕಾರಣ. ಆಯಿತು ಎಂದು ಆನ್‌ಲೈನಿನಲ್ಲಿ ನಾನೇ ಬುಕ್ ಮಾಡಿದೆ. ವಿಳಾಸ ಖಚಿತ ಮಾಡಿಕೊಳ್ಳಲು ಕಂಪನಿಯವಳು ಅತ್ತೆಗೆ ಫೋನು ಮಾಡಿದಳು. ನಾನೂ ಲೈನಿನಲ್ಲಿದ್ದೆ. ಅತ್ತೆ ಮೋರಿ ಕಟ್ಟೆಯ ಮೇಲೆ.

"ಮೇಡಂ, ನಿಮ್ಮ ಲೊಕೇಶನ್ ಹೇಳಿ."

"ಮುರ್ಬಾಡ್ ದಾಟಿ ಬಸ್ಸು ಎಡಕ್ಕೆ ತಿರುಗ್ತದೆ. ಅಲ್ಲಿ ಇಳಿದು ಯಾರನ್ನಾದರೂ ಕೇಳು, ಕೋಳಿ ಅಕ್ಕ ಎಲ್ಲಿ ಅಂತ."

"ಹಾಗಲ್ಲ ಮೇಡಂ, ಅಕ್ಷಾಂಶ ರೇಖಾಂಶ ಬೇಕು. ಉಪಗ್ರಹಕ್ಕೆ ಗೊತ್ತಾಗಬೇಕಲ್ಲ."

"ಅಷ್ಟು ಮೇಲಿಂದ ನೋಡ್ತದೆ, ನನ್ನ ಮನೆ ಕಾಣುವುದಿಲ್ವಾ ಅದಕ್ಕೆ? ಕೆಂಪು ಹೆಂಚು ನನ್ನದೊಂದೇ. ಉಳಿದವರದ್ದೆಲ್ಲ ತಗಡು!"

ಆ ಹುಡುಗಿ ನಕ್ಕುಬಿಟ್ಟಳು. ಅಕ್ಷಾಂಶ ರೇಖಾಂಶವನ್ನು ನಾನೇ ಹುಡುಕಿ ಕೊಟ್ಟೆ.

ಅಳವಡಿಸಲು ಕಲ್ಯಾಣದಿಂದ ಒಬ್ಬರು ಬಂದರು. ತೆಳ್ಳಗಿನ, ಗಂಭೀರ ಮನುಷ್ಯ, ಹೆಸರು ಪಾಟೀಲ್. ರಜೆ ಹಾಕಿ ನಾನೂ ಹೋಗಿದ್ದೆ. ಡಬ್ಬ ಬಿಚ್ಚಿ ಚೌಕದ ಬಿಳಿ ಹಲಗೆಯಂಥ ಡಿಶ್ ತೆಗೆದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನು, ಇದರಲ್ಲಿ ನೀರುದೋಸೆ ಹೊಯ್ಯಬಹುದು" ಎಂದರು.

ಪಾಟೀಲರು ಫೋನನ್ನು ಆಕಾಶಕ್ಕೆ ಹಿಡಿದು ಅಂಗಳದಲ್ಲೆಲ್ಲ ಸುತ್ತಿದರು. ಮನೆಯ ಹೆಂಚಿನ ಮೇಲೆ ಇಟ್ಟರೆ ಹಲಸಿನ ಮರ ಅಡ್ಡ. ಅಂಗಳದ ಈ ಮೂಲೆಯಲ್ಲಿ ಗುಡ್ಡ ಅಡ್ಡ, ಆ ಮೂಲೆಯಲ್ಲಿ ಮತ್ತೆ ಹಲಸು.

"ಬಾಯಿ, ಈ ಮರದ ಎರಡು ಕೊಂಬೆ ಕಡಿಸಬೇಕಾಗುತ್ತದೆ."

"ಉಪಗ್ರಹ ಸ್ವಲ್ಪ ಸರಿದು ನಿಲ್ಲಲಿಕ್ಕೆ ಆಗುವುದಿಲ್ವಾ?"

"ಅದು ನಿಲ್ಲುವುದೇ ಇಲ್ಲ ಬಾಯಿ. ಓಡುತ್ತಲೇ ಇರುತ್ತದೆ. ಒಂದು ಹೋದ ಮೇಲೆ ಇನ್ನೊಂದು ಬರುತ್ತದೆ, ಅದು ಹೋದ ಮೇಲೆ ಮತ್ತೊಂದು."

ಅತ್ತೆಯ ಮುಖ ಅರಳಿತು. "ಲೋಕಲ್ ಗಾಡಿ ಅನ್ನಿ! ಸ್ಲೋ ಲೋಕಲ್ಲಾ, ಫಾಸ್ಟಾ?"

"ಫಾಸ್ಟ್" ಎಂದರು ಪಾಟೀಲರು. ಅವರೂ ಡೊಂಬಿವಲಿಯಲ್ಲಿ ಗಾಡಿ ಹತ್ತಿ ಬೆಳೆದವರೇ. "ಠಾಕುರ್ಲಿ ಸ್ಟೇಶನ್ನಿನಲ್ಲಿ ನಿಲ್ಲುವುದಿಲ್ಲ."

ಅಲ್ಲಿಂದ ಮುಂದೆ ಇಬ್ಬರಿಗೂ ಬಹಳ ಸ್ನೇಹವಾಗಿಬಿಟ್ಟಿತು. ಹಲಸಿನ ಕೊಂಬೆಗೆ ಮಾತ್ರ ಅತ್ತೆ ಒಪ್ಪಲಿಲ್ಲ. ಅದು ಹುಂಜ ಕೂರುವ ಕೊಂಬೆ. ಪಾಟೀಲರು ಮತ್ತೆ ಸುತ್ತಿ ಸುತ್ತಿ, ಕೊನೆಗೆ ಒಂದು ಕಡೆ ನಿಂತು, ಫೋನು ನೋಡಿ, ತಲೆ ಕೆರೆದುಕೊಂಡರು. ಇಡೀ ಜಾಗದಲ್ಲಿ ಆಕಾಶ ಪೂರ್ತಿ ತೆರೆದುಕೊಂಡಿದ್ದದ್ದು ಒಂದೇ ಕಡೆ. ಎಲ್ಲಿ ಹೇಳಿ? ಕೋಳಿಗೂಡಿನ ನೆತ್ತಿಯ ಮೇಲೆ!

ಹೀಗೆ ನನ್ನ ಅತ್ತೆಯ ಕೋಳಿಗೂಡು ಅಂತರಿಕ್ಷದ ಜೊತೆ ಸಂಪರ್ಕ ಪಡೆಯಿತು.

ಕರೆಂಟು ಹೋದರೂ ನಡೆಯಲೆಂದು ಇನ್ವರ್ಟರ್ ಕೂಡಿಸಿದ್ದಾಯಿತು. ಮೊದಲ ವಾರ ಸೊಗಸಾಗಿ ನಡೆಯಿತು. ಆಮೇಲೆ ಚಳಿ ಬಿತ್ತು. ಬೆಳಿಗ್ಗೆ ಹೊತ್ತು ಇಂಟರ್ನೆಟ್ ತಟಕ್ಕನೆ ನಿಲ್ಲತೊಡಗಿತು. ಮನೆಯೊಳಗಿನ ಯಂತ್ರದಲ್ಲಿ ಕೆಂಪು ದೀಪ. ಅತ್ತೆ ಮೋರಿ ಕಟ್ಟೆಗೆ ಹೋಗಿ ಕಂಪನಿಗೆ ಫೋನು ಮಾಡಿದರು. ಅವರು ಹಿಂದಿಯಲ್ಲಿ ಪಾಠ ಒಪ್ಪಿಸಿದರು, ಬಂದ್ ಮಾಡಿ, ಮತ್ತೆ ಚಾಲೂ ಮಾಡಿ. ಅತ್ತೆ ಮಾಡಿದರು. ಕೆಂಪೇ. ಮತ್ತೆ ಕಟ್ಟೆ, ಮತ್ತೆ ಫೋನು.

"ಮೇಡಂ, ಡಿಶ್‌ಗೆ ಏನಾದರೂ ಅಡ್ಡ ಬರುತ್ತಿದೆಯಾ? ಮರ, ಗೋಡೆ, ಕಟ್ಟಡ?"

"ತಾಳು, ನೋಡಿ ಬರ್ತೇನೆ" ಎಂದು ಅತ್ತೆ ಫೋನನ್ನು ಕಟ್ಟೆಯ ಮೇಲೇ ಬಿಟ್ಟು ಮನೆಗೆ ಹೋಗಿ ನೋಡಿ ಬಂದರು. "ಹೌದು, ಅಡ್ಡ ಬಂದದೆ."

"ಏನು ಮೇಡಂ?"

"ಕಪ್ಪು ಹೇಂಟೆ."

ಆ ಡಿಶ್ ಚಾಲೂ ಇರುವಾಗ ಸ್ವಲ್ಪ ಬೆಚ್ಚಗಾಗುತ್ತದೆ. ಗುಡ್ಡದ ಬುಡದ ಚಳಿಯಲ್ಲಿ ಕಪ್ಪು ಹೇಂಟೆಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ರೆಕ್ಕೆ ಹರಡಿ ಅದರ ಮೇಲೇ ಕಾವಿಗೆ ಕೂತಂತೆ ಕೂತಿತ್ತು. ಕಂಪನಿಯವನಿಗೆ ತನ್ನ ಕಂಪ್ಯೂಟರಿನಲ್ಲಿ ಯಾವ ಕಾರಣ ಬರೆಯಬೇಕೆಂದು ತಿಳಿಯದೆ, "ಮೇಡಂ, ಇದಕ್ಕೆ ನಮ್ಮಲ್ಲಿ ಆಪ್ಶನ್ ಇಲ್ಲ" ಅಂದನಂತೆ. ಆಪ್ಶನ್ ಯಾಕಿಲ್ಲ ಎಂದು ಅತ್ತೆ ಜಗಳಕ್ಕೆ ನಿಂತರು. ಹಳ್ಳಿಗೆ ಅಂತ ಮಾಡಿದ ವಸ್ತುವಿನಲ್ಲಿ ಕೋಳಿಗೆ ಆಪ್ಶನ್ ಇಲ್ಲ ಎಂದರೆ ಏನರ್ಥ? ನೀವೇ ಹೇಳಿ!

ಕೊನೆಗೆ ಪಾಟೀಲರೇ ಬಂದು ಡಿಶ್ಶನ್ನು ಎತ್ತರದ ಪೈಪಿನ ಮೇಲೇರಿಸಿದರು. ಕಪ್ಪು ಹೇಂಟೆ ಎರಡು ದಿನ ಊಟ ಬಿಟ್ಟಿತು ಎಂದು ಅತ್ತೆ ಹೇಳುತ್ತಾರೆ. ನಾನು ನಂಬುವುದಿಲ್ಲ.

ಈಗ ಮೋರಿ ಕಟ್ಟೆ ಖಾಲಿಯಾಯಿತು, ಅತ್ತೆಯ ಜಗಲಿ ತುಂಬಿತು. ಮಗಳ ಜೊತೆ ಮಾತಾಡಬೇಕಾದವರು, ಪರೀಕ್ಷೆಯ ರಿಸಲ್ಟ್ ನೋಡಬೇಕಾದವರು, ಸುಮ್ಮನೆ ನೋಡಬೇಕಾದವರು, ಎಲ್ಲರೂ ಅಲ್ಲಿಯೇ. ಅತ್ತೆ ಪಾಸ್‌ವರ್ಡ್ ಕೊಡುತ್ತಿದ್ದರು, ಆದರೆ ಗೇಟು ಹಾಕದೆ ಬಂದವರಿಗಿಲ್ಲ. ಗೇಟು ತೆರೆದಿಟ್ಟರೆ ಕೋಳಿಗಳು ರಸ್ತೆಗೆ ಹೋಗುತ್ತವೆ. ಆ ಪಾಸ್‌ವರ್ಡೋ, ತುಳುವಿನ ಒಂದು ಉದ್ದದ ಬೈಗುಳ ಬೇರೆ! ಅರ್ಥ ಗೊತ್ತಿಲ್ಲದ ಹೌಸಾಬಾಯಿ ಅದನ್ನು ಮಂತ್ರದ ಹಾಗೆ ಭಕ್ತಿಯಿಂದ ಬಾಯಿಪಾಠ ಮಾಡಿಕೊಂಡು ಬಂದವರಿಗೆಲ್ಲ ಒಪ್ಪಿಸುತ್ತಾಳೆ. ನಾನು ಮೊದಲ ಸಲ ಅವಳ ಬಾಯಲ್ಲಿ ಕೇಳಿದಾಗ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಹವಾಮಾನವನ್ನು ಅತ್ತೆ ನೋಡಲಿಲ್ಲ. ಕೋಳಿಸಾಕಣೆಯ ವಿಡಿಯೋ ನೋಡಲಿಲ್ಲ. ಯಕ್ಷಗಾನ ಸ್ವಲ್ಪ ನೋಡಿ, ಭಾಗವತರ ಜೊತೆ ಜಗಳವಾಡಿ ಬಿಟ್ಟರು. ಒಂದು ಶನಿವಾರ ನನಗೆ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಅತ್ತೆಯ ಹಣೆ.

"ಫೋನು ಅವನ ಎದುರಿಗೆ ಇಡು. ಎಡಗೈಗೆ ಸಿಗುವ ಹಾಗೆ. ಇಟ್ಟು ನೀನು ಹೋಗು."

ಅಪ್ಪ ಅಷ್ಟು ಹೊತ್ತಿಗೆ ಕುರ್ಚಿಯಲ್ಲಿ ಕೂರುವಷ್ಟಾಗಿದ್ದರು. ಮುಂದಿನ ಸಣ್ಣ ಮೇಜಿನ ಮೇಲೆ ಫೋನನ್ನು ಸ್ಟ್ಯಾಂಡಿಗೆ ಆನಿಸಿಟ್ಟೆ. ಅಕ್ಕನನ್ನು ನೋಡಿದ್ದೇ ಅಪ್ಪ ಮುಖ ತಿರುಗಿಸಿದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಹೋಗು ಎಂದರೆ ಹೋಗುವವರು ಯಾರು?

ಅತ್ತೆ ಅಪ್ಪನಿಗೆ ಏನೂ ಹೇಳಲಿಲ್ಲ. ಫೋನನ್ನು ಅಡುಗೆಮನೆಯ ಕಿಟಕಿಯ ಮೇಲಿಟ್ಟು ತಾನು ಒಲೆಯ ಕಡೆ ತಿರುಗಿದರು. ಮಣ್ಣಿನ ಪಾತ್ರೆಯಲ್ಲಿ ಬಂಗುಡೆ ಸಾರು ಕುದಿಯುತ್ತಿತ್ತು. ಮೀನಿನ ಸಾರಿನ ವಿಷಯದಲ್ಲಿ ನನ್ನ ಅಪ್ಪ ಎಂಥವರೆಂದರೆ, ಮಸಾಲೆ ಅರೆದ ಸದ್ದು ಕೇಳಿಯೇ ಕೊತ್ತಂಬರಿ ಹೆಚ್ಚಾಯಿತು ಎನ್ನುವವರು. ಅವರ ಕಣ್ಣು ಮೆಲ್ಲಗೆ ಗೋಡೆಯಿಂದ ಪರದೆಗೆ ಬಂತು. ಅತ್ತೆ ಸೌಟಿನಲ್ಲಿ ತಿರುಗಿಸಿದರು. ರುಚಿ ನೋಡಿದರು. ಡಬ್ಬದಿಂದ ಬೆಲ್ಲದ ಒಂದು ದೊಡ್ಡ ಉಂಡೆ ತೆಗೆದು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವಂತೆ ಹಿಡಿದರು. ಸಾರಿಗೆ ಹಾಕಿಬಿಟ್ಟರು.

ಬಂಗುಡೆಗೆ ಬೆಲ್ಲ!

ಅಪ್ಪನ ಹುಬ್ಬು ಮೇಲೇರಿತು. ಗಂಟಲಿನಿಂದ ಒಂದು ಸದ್ದು ಹೊರಟಿತು.

"ಘಟ್ಟದ ಮೇಲಿನವರು ಹೀಗೇ ಮಾಡುವುದಂತೆ" ಎಂದರು ಅತ್ತೆ, ಹಿಂದೆ ನೋಡದೆ. "ನಮ್ಮ ಅಮ್ಮನಿಗೆ ಸಾರು ಮಾಡ್ಲಿಕ್ಕೆ ಗೊತ್ತೇ ಇರಲಿಲ್ಲ. ಸ್ವಲ್ಪ ಸಕ್ಕರೆಯೂ ಹಾಕುವಾ. ದ್ರಾಕ್ಷಿ ಎಲ್ಲಿಟ್ಟೆ?"

ಅಪ್ಪನ ಎಡಗೈ ಕುರ್ಚಿಯ ಕೈ ಬಿಟ್ಟಿತು. ಮೇಜಿನ ಮೇಲೆ ಜಾರಿತು. ಫೋನಿನ ಹತ್ತಿರ ಹೋಗಿ ಒಂದು ಸಲ ತಪ್ಪಿತು, ಎರಡನೇ ಸಲ ಕೆಂಪು ಗುಂಡಿಯ ಮೇಲೆ ಬೆರಳು ಬಿತ್ತು. ಅತ್ತೆ ಮಾತಿನ ನಡುವೆ ಮಾಯ! ಅಪ್ಪ ಕಪ್ಪು ಪರದೆಯನ್ನು ನೋಡಿದರು. ತನ್ನ ಬೆರಳನ್ನು ನೋಡಿಕೊಂಡರು. ಆಮೇಲೆ ಅವರ ಮುಖದ ಎಡಭಾಗ ಅರಳತೊಡಗಿತು. ಭುಜ ಕುಲುಕಿತು. ಕಾಯಿಲೆಯಾದ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು.

ಆಮೇಲೆ ಇದು ದಿನಚರಿಯಾಯಿತು. ಸಂಜೆ ಅತ್ತೆ ಫೋನು ಮಾಡುವರು, ಏನಾದರೊಂದು ತಲೆಕೆಟ್ಟ ಮಾತು ಆಡುವರು, ಅಪ್ಪ ಫೋನು ಕತ್ತರಿಸುವರು. ಕತ್ತರಿಸುವ ಮುಂಚೆ ತಡೆಯಲಾರದೆ ಗಂಟಲಿನಿಂದ ಏನೋ ಹೇಳಲು ನೋಡುವರು. "ಅ" ಅನ್ನುವುದು "ಅಲ್" ಆಯಿತು. ಥೆರಪಿಸ್ಟ್ ಬಂದಾಗ ಗೋಡೆಗೆ ತಿರುಗುವುದು ನಿಂತಿತು. ನಾಳೆ ಅಕ್ಕನಿಗೆ ಉತ್ತರ ಕೊಡಬೇಕಲ್ಲ!

ಮೊನ್ನೆ ಒಂದು ಭಾನುವಾರ ನಾನು ಹಳ್ಳಿಗೆ ಹೋಗಿದ್ದೆ. ಅಪ್ಪನ ಜೊತೆ ನನ್ನ ಗಂಡ ಇದ್ದ. ಸಂಜೆಯಾಗುತ್ತಲೇ ಅತ್ತೆ ಮುಖ ತೊಳೆದು, ಸೀರೆ ಬದಲಿಸಿ, ಸೆರಗಿನಿಂದ ಫೋನಿನ ಕಣ್ಣು ಒರೆಸಿ, ಜಗಲಿಯಲ್ಲಿ ಕೂತು ಫೋನು ಹಚ್ಚಿದರು. ಅಂದಿನ ವಿಷಯ ಬಾವಿ. ಇನ್ನೂ ಬಾವಿಯ ಹತ್ತಿರ ಹೋಗಿರಲಿಲ್ಲ, ಅಪ್ಪ ಫೋನು ಕತ್ತರಿಸಿಬಿಟ್ಟರು. ಅತ್ತೆ ಫೋನನ್ನು ಮಡಿಲಲ್ಲಿಟ್ಟು ತೃಪ್ತಿಯಿಂದ ಎಲೆ ಅಡಿಕೆ ಹಾಕಿಕೊಂಡರು.

"ಪೂರ್ತಿ ಮಾತಾಡ್ಲಿಕ್ಕೇ ಬಿಡುವುದಿಲ್ಲವಲ್ಲ ಅತ್ತೆ, ಬೇಸರ ಇಲ್ವಾ?" ಎಂದೆ.

"ಎಂತಕ್ಕೆ ಬೇಸರ? ಸಿಟ್ಟು ಬಂದರೆ ಮೊದಲೆಲ್ಲ ಅವನು ಎದ್ದು ಹೊರಗೆ ಹೋಗ್ತಿದ್ದ. ಸಣ್ಣವನಿರುವಾಗಲೂ ಹಾಗೇ. ನಾನು ನಿಮ್ಮಲ್ಲಿ ಬಂದು ಅವನ ಮಂಚದ ಹತ್ತಿರ ಕೂತೆನಲ್ಲ, ಅವನು ಎಲ್ಲಿಗೆ ಹೋಗಬೇಕು? ಮಾತಾಡ್ಲಿಕ್ಕಿಲ್ಲ, ಏಳ್ಲಿಕ್ಕಿಲ್ಲ. ಗೋಡೆ ಒಂದೇ ಇದ್ದದ್ದು ಪಾಪದವನಿಗೆ." ಅತ್ತೆ ಎಲೆಯ ನಾರು ಬಿಸಾಡಿದರು. "ಈಗ ಹೋಗ್ಲಿಕ್ಕೆ ಆಗ್ತದೆ ಅವನಿಗೆ."

ಅಂಗಳದಲ್ಲಿ ಕೋಳಿಗಳು ಗೂಡು ಸೇರುತ್ತಿದ್ದವು. ಅಷ್ಟರಲ್ಲಿ ಅತ್ತೆಯ ಮಡಿಲಲ್ಲಿ ಫೋನು ರಿಂಗಾಯಿತು. ನನ್ನ ಗಂಡ ಇರಬೇಕೆಂದು ಎತ್ತಿದರು. ಪರದೆಯಲ್ಲಿ ಮೊದಲು ನಮ್ಮ ಮನೆಯ ಫ್ಯಾನು ಕಂಡಿತು, ಆಮೇಲೆ ಒಂದು ಕಿವಿ, ಬಿಳಿ ಮೀಸೆಯ ಒಂದು ತುದಿ. ಹಿಂದಿನಿಂದ ನನ್ನ ಗಂಡ, "ನಾ ಮುಟ್ಟಿಲ್ಲರೀ, ಅವರಽ ಹಚ್ಯಾರ!" ಎಂದು ಕೂಗುತ್ತಿದ್ದ. ಫೋನು ಅಲುಗಾಡಿ ನಿಂತಿತು. ಅಪ್ಪನ ಮುಖ ಪೂರ್ತಿ ಕಂಡಿತು. ತುಟಿಗಳನ್ನು ಕಷ್ಟಪಟ್ಟು ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿದರು.

"ಅಕ್... ಅಕ್ಕ."

ಮುಂದಿನ ಮಾತಿಗೆ ಅತ್ತೆ ಕಾದರು. ಅಪ್ಪ ಅಷ್ಟೇ ಹೇಳಿ, ದಣಿದು, ನೋಡುತ್ತಾ ಕೂತರು. ಆಯುಷ್ಯವಿಡೀ ಒಂದು ಮಾತಿಗೂ ತಡವರಿಸದ ನನ್ನ ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೊನೆಗೆ ಬಹಳ ಸಣ್ಣ ದನಿಯಲ್ಲಿ ತುಳುವಿನಲ್ಲಿ ಕೇಳಿದರು.

"ವಣಸ್ ಆಂಡಾ?"

ಊಟ ಆಯಿತಾ, ಅಂತ. ಅಪ್ಪ ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದರು.

"ಮಲ್ಪುಲ" ಎಂದರು ಅತ್ತೆ. ಮಾಡು, ಉಣ್ಣು ಎಂದು.

ನನ್ನ ಗಂಡ ತಟ್ಟೆ ತಂದಿಟ್ಟ ಸದ್ದು ಕೇಳಿತು. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ನಿಧಾನವಾಗಿ ಉಣ್ಣತೊಡಗಿದರು. ಅತ್ತೆ ಒಂದು ಮಾತೂ ಆಡದೆ, ತುತ್ತು ತುತ್ತಿಗೂ ನೋಡುತ್ತಾ, ಅವರ ಊಟ ಮುಗಿಯುವವರೆಗೂ ಕೂತರು.